28, 32, 36: ಡಬಲ್ಸ್ ಹೋಗುವಾಗ ಹಿಂದಿನ ಟೈರಿಗೆ ಎಷ್ಟು ಗಾಳಿ?

ಲೆಕ್ಕಕ್ಕೆ ಒಂದು 150 ಸಿಸಿ ಬೈಕ್ ಹಿಡಿಯೋಣ. ಬೈಕಿನ ಮೇಲಿನ ಟೈರ್ ಸ್ಟಿಕರ್‌ನಲ್ಲಿ ಮುಂದಿನ ಟೈರಿಗೆ 25, ಹಿಂದಿನದಕ್ಕೆ ಸವಾರ ಒಬ್ಬರೇ ಇದ್ದರೆ 28, ಇಬ್ಬರು ಕೂತರೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಸವಾರಿ. ಹಿಂದೆ ಒಬ್ಬರು, ಮೇಲೆ ಎರಡು ಬ್ಯಾಗು. ಮುಂದಿನ 25 ಹಾಗೇ ಇರಲಿ. ಭಾರ ಕೂರುವುದು ಹಿಂದೆ, ತಕರಾರೂ ಅಲ್ಲೇ.

‘ಬಿಸಿಲಿಗೆ ಗಾಳಿ ಏರುತ್ತೆ, ಸ್ವಲ್ಪ ಕಮ್ಮಿ ಇರಲಿ’ ಎನ್ನುವವರದು 28. ಹಂಪ್ ಮೇಲೆ ಮೆತ್ತಗಿರುವುದರಿಂದ ಮೊದಮೊದಲು ಇದೇ ಸರಿ ಅನ್ನಿಸುತ್ತದೆ. ಆದರೆ ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕದ ಗೋಡೆ ಸುತ್ತುಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ, ಬಿಸಿ ಹುಟ್ಟುವುದೇ ಅಲ್ಲಿ. ತಂಪಿಗೆಂದು ಮಾಡಿದ್ದು ಕಾವನ್ನೇ ಹೆಚ್ಚಿಸುತ್ತದೆ. ಘಾಟಿಯ ತಿರುವಲ್ಲಿ ಹಿಂಭಾಗ ತೂಗಾಡುತ್ತದೆ, ಗುಂಡಿಗೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೆ. ಟ್ಯೂಬ್ ಚಕ್ರವಾದರೆ ಇನ್ನೊಂದು ಕಾಟ: ಗಾಳಿ ತೀರಾ ಇಳಿದಾಗ ಜೋರಾಗಿ ಬ್ರೇಕ್ ಹಿಡಿದರೆ ಟೈರು ರಿಮ್ ಮೇಲೆ ಜರುಗಿ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಅದೇ ಗುರುತು. ವಾಲ್ವ್ ಬುಡದಲ್ಲಿ ಹರಿದರೆ ಪ್ಯಾಚ್ ಕೂರುವುದಿಲ್ಲ, ಹೊಸ ಟ್ಯೂಬೇ ಗತಿ.

36 ಮೈಲೇಜ್ ಆಸೆಯವರದು. ಬೈಕ್ ಹಗುರವಾಗಿ ಓಡುತ್ತದೆ, ಸುಳ್ಳಲ್ಲ. ಆದರೆ ಟೈರಿನ ನಡುಭಾಗ ಮಾತ್ರ ನೆಲ ಹಿಡಿಯುವುದರಿಂದ ಸಾಲುಹಂಪ್‌ಗಳ ಮೇಲೆ ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಬೇಗ ಲಾಕ್ ಆಗುತ್ತದೆ. ನಡು ಬೇಗ ಸವೆದು ಚಪ್ಪಟೆಯಾಗುತ್ತದೆ. ಪೆಟ್ರೋಲಿನಲ್ಲಿ ಉಳಿದದ್ದು ಟೈರಿನಂಗಡಿಗೆ.

ಈ ಭಾರಕ್ಕೆ 32 ಸರಿ. ಅದೂ ಗಾಡಿ ಮೂರು ಗಂಟೆಯಾದರೂ ನಿಂತು ಟೈರು ತಣ್ಣಗಿದ್ದಾಗ ಅಳೆದ 32. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಮತ್ತೆ ಗೇಜ್ (ಒತ್ತಡ ಅಳೆಯುವ ಮಾಪಕ) ಇಡಿ. ಮೂರ್ನಾಲ್ಕು ಏರಿದ್ದರೆ ಲೆಕ್ಕ ಸರಿ. ಆರು ದಾಟಿದ್ದರೆ ಹೊರಡುವಾಗಲೇ ಗಾಳಿ ಸಾಲದಿತ್ತು. ಒಂದೂ ಏರದಿದ್ದರೆ ಹೆಚ್ಚಾಗಿತ್ತು. ಬಿಸಿ ಟೈರು 36 ತೋರಿಸಿತೆಂದು ಗಾಳಿ ಬಿಡಬೇಡಿ. ಜನ ಎಡವುವುದು ಇಲ್ಲೇ: ಸಂಜೆ ಬಿಟ್ಟ ನಾಲ್ಕು, ಮರುದಿನ ಬೆಳಗ್ಗೆ 28 ಆಗಿ ಕೂತಿರುತ್ತದೆ.

ಘಾಟಿ ಇಳಿದರೆ ಗಾಳಿ ಬದಲಿಸಬೇಕೇ? ಬೇಡ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟಕ್ಕೆ ಬಂದರೆ ಹೊರಗಿನ ಒತ್ತಡ ಹೆಚ್ಚಿ ಗೇಜ್ ಒಂದೂವರೆಯಷ್ಟು ಕಮ್ಮಿ ತೋರಿಸುತ್ತದೆ. ಕರಾವಳಿಯ ಸೆಕೆ ಹತ್ತು ಡಿಗ್ರಿ ಹೆಚ್ಚಿದ್ದರೆ ಅಷ್ಟೇ ಏರಿಸುತ್ತದೆ.

ಬಂಕ್ ಮುಟ್ಟುವಷ್ಟರಲ್ಲಿ ಟೈರು ಬಿಸಿಯಾಗುತ್ತದಲ್ಲ, ಅದಕ್ಕೊಂದು ಉಪಾಯವಿದೆ. ಮನೆಯಲ್ಲೇ ಸ್ವಂತ ಗೇಜ್‌ನಲ್ಲಿ ಅಳೆಯಿರಿ. 29 ಇದ್ದರೆ ಕೊರತೆ ಮೂರು. ಬಂಕಿನಲ್ಲಿ ಅದೇ ಗೇಜ್ ಎಷ್ಟೇ ತೋರಿಸಲಿ, ಅದರ ಮೇಲೆ ಮೂರು ಹೊಡೆಸಿ. ಅಲ್ಲಿನ ಮಷಿನ್ ಹೇಳುವ ಅಂಕಿ ಲೆಕ್ಕಕ್ಕಿಲ್ಲ. ಆಮೇಲೆ ವಾಲ್ವ್ ಬಾಯಿಗೆ ಒಂದಿಷ್ಟು ಎಂಜಲು ಸವರಿ ನೋಡಿ; ಗುಳ್ಳೆ ಎದ್ದರೆ ವಾಲ್ವ್ ಒಳಗಿನ ಪಿನ್ ಬಿಗಿಸಿ, ನಂತರ ಕ್ಯಾಪ್ ಹಾಕಿ.