ಲೆಕ್ಕ ಸರಿ ಬಂತು, ಬಾಗಿಲು ಬಿಡಲಿಲ್ಲ: 65 ಇಂಚಿನ ಟಿವಿ, ಎರಡು ಬೇಸಿಗೆ ಆದಮೇಲೆ

55 ತಗೊಳ್ಳೋದೋ 65 ತಗೊಳ್ಳೋದೋ ಅಂತ ಯಾರನ್ನ ಕೇಳಿದರೂ ತಿರುಗಿ ಕೇಳೋದು ಒಂದೇ ಪ್ರಶ್ನೆ: ಸೋಫಾದಿಂದ ಟಿವಿಗೆ ಎಷ್ಟು ಅಡಿ? ಆ ಲೆಕ್ಕ ಸುಳ್ಳೇನಲ್ಲ. ಟಿವಿಯ ಇಂಚನ್ನು 1.6ರಿಂದ ಗುಣಿಸಿದರೆ ಕೂರಬೇಕಾದ ದೂರ ಇಂಚಿನಲ್ಲಿ ಸಿಗುತ್ತದೆ, 12ರಿಂದ ಭಾಗಿಸಿದರೆ ಅಡಿ. 55ಕ್ಕೆ ಏಳೂಕಾಲು ಅಡಿಯ ಆಸುಪಾಸು, 65ಕ್ಕೆ ಎಂಟೂಮುಕ್ಕಾಲು. ಬಾಗಲಕೋಟೆ ನವನಗರದ ನಮ್ಮ ಹಾಲ್‌ನಲ್ಲಿ ಸೋಫಾ ಹಾಕಿದ ಮೇಲೆ ಒಂಬತ್ತು ಅಡಿ ಉಳಿಯುತ್ತದೆ. ಹಂಗಾಗಿ 65ನ್ನೇ ತಂದೆವು, ಟಂಟಂ ಹಿಂದೆ ಇಬ್ಬರು ನೆಟ್ಟಗೆ ಹಿಡಿದುಕೊಂಡು ಕೂತು. 4ಕೆ, ಎಚ್‌ಡಿಆರ್, ಸ್ಪೀಕರ್ ಎಷ್ಟು ವ್ಯಾಟ್ ಅನ್ನೋದೆಲ್ಲ ಡಬ್ಬಿ ಮೇಲೇ ಬರೆದಿರುತ್ತಾರೆ, ಓದಿಕೊಳ್ಳಿ. ಕಂಪನಿ ಹೆಸರೂ ಬೇಡ. ನನ್ನ ತಕರಾರು ಅಳತೆಯದು.

ಮೊದಲು ಖುಷಿಯ ಮಾತು. ಹತ್ತು ಇಂಚು ಏನು ಮಹಾ ಅನ್ನಿಸಬಹುದು, ಆದರೆ ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ಪರದೆಯ ಜಾಗ ಲೆಕ್ಕ ಹಾಕಿದರೆ ಶೇ. 40ರಷ್ಟು ಜಾಸ್ತಿ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿತಲ್ಲ, ಅವತ್ತು ನಮ್ಮ ಸೆಕ್ಟರಿನ ಅರ್ಧ ಹುಡುಗರು ನಮ್ಮ ಜಮಖಾನಿ ಮೇಲಿದ್ದರು. ಕೊನೇ ಓವರಿನಲ್ಲಿ ಕೊಹ್ಲಿ ಕಣ್ಣಲ್ಲಿ ನೀರು ಬಂದದ್ದು ಹೊಸ್ತಿಲ ಹತ್ತಿರ ನಿಂತವರಿಗೂ ಕಂಡಿತು. 55 ಆಗಿದ್ದರೆ ಹಿಂದಿನವರು "ತಲಿ ಬಗ್ಗಸಲೇ" ಅಂತ ಕೂಗಾಡುವುದರಲ್ಲೇ ಮ್ಯಾಚ್ ಮುಗಿಯುತ್ತಿತ್ತು.

ಅದು ರಾತ್ರಿಯ ಮಾತಾಯಿತು. ಹಗಲಿನದು ಬೇರೆಯೇ ಕಥೆ.

ನಮ್ಮದು ಪಡುವಣ ಬಾಗಿಲಿನ ಮನೆ. ಟಿವಿ ಇರುವುದು ಬಾಗಿಲಿಗೆ ಎದುರಿನ ಗೋಡೆಗೆ. ಸಂಜೆ ನಾಲ್ಕು ದಾಟಿತೆಂದರೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುತ್ತದೆ, ಐದಡಿ ಅಗಲದ ಕರಿ ಪರದೆ ಕನ್ನಡಿಯಾಗುತ್ತದೆ. ಸಿನಿಮಾದಲ್ಲಿ ಕತ್ತಲೆಯ ದೃಶ್ಯವೇನಾದರೂ ಬಂದರೆ ಕಥೆ ಮುಗಿದ ಹಾಗೆ. ಹೀರೋ ಮುಖದ ಮೇಲೆ ನಮ್ಮ ಗೇಟು, ಗೇಟಿನಾಚೆ ನಿಲ್ಲಿಸಿದ ಬೈಕು, ಒಣಹಾಕಿದ ಸಂಡಿಗೆ, ಎಲ್ಲ ಸ್ಪಷ್ಟ. ಬ್ರೈಟ್‌ನೆಸ್ ನೂರಕ್ಕೆ ಏರಿಸಿದರೂ ನಮ್ಮೂರ ಬಿಸಿಲಿನ ಮುಂದೆ ಅದು ಯಾವ ಲೆಕ್ಕ? ಬಾಗಿಲು ಹಾಕಿಕೊಳ್ಳಿ ಅನ್ನಬಹುದು. ನಮ್ಮ ಕಡೆ ಹಗಲು ಹೊತ್ತು ಬಾಗಿಲು ಹಾಕಿದ ಮನೆ ಅಂದರೆ ಊರಿಗೆ ಹೋದವರ ಮನೆ. ಬಂದವರು ಒಂದು ಸಲ ನೋಡಿ ಹಾಗೇ ವಾಪಸ್ ಹೋಗುತ್ತಾರೆ, ಆಮೇಲೆ ಮದುವೆ ಮನೆಯಲ್ಲಿ ಸಿಕ್ಕಾಗ ಅದನ್ನೇ ಎತ್ತಿ ಆಡುತ್ತಾರೆ.

ಹಾಗಾದರೆ ಬಿಸಿಲು ನೇರ ಬೀಳದ ಪಕ್ಕದ ಗೋಡೆಗೆ ಹಾಕಬಹುದಲ್ಲ? ನಮ್ಮ ಸಮಸ್ಯೆಯ ಗಂಟು ಇರುವುದೇ ಅಲ್ಲಿ. ಆ ಗೋಡೆಯಲ್ಲಿ ಅಡುಗೆಮನೆ ಬಾಗಿಲಿಗೂ ಮಲಗುವ ಕೋಣೆ ಬಾಗಿಲಿಗೂ ನಡುವೆ ಇರುವುದು ನಾಲ್ಕೂವರೆ ಅಡಿ, ಅಂದರೆ 54 ಇಂಚು. 55 ಇಂಚಿನ ಟಿವಿಯ ಅಗಲ 48 ಇಂಚು, ಎರಡೂ ಕಡೆ ಜಾಗ ಬಿಟ್ಟು ನಿರಾಳವಾಗಿ ಕೂರುತ್ತದೆ. 65ರ ಅಗಲ 57. ಮೂರು ಇಂಚಿಗಾಗಿ ಬಾಗಿಲ ಚೌಕಟ್ಟು ಕಿತ್ತು ಹಾಕಲು ಆಗುತ್ತದೆಯೇ? ಅಂಗಡಿಯ ಹುಡುಗ ಎಷ್ಟು ಅಡಿ ದೂರ ಅಂತ ಕೇಳಿದ, ಕಂತಿನಲ್ಲಿ ಬೇಕಾ ಅಂತ ಕೇಳಿದ, ಸೌಂಡ್‌ಬಾರ್ ಬೇಕಾ ಅಂತ ಎರಡೆರಡು ಸಲ ಕೇಳಿದ. ಬಾಗಿಲು ಯಾವ ಕಡೆ, ಯಾವ ಗೋಡೆಗೆ ಹಾಕ್ತೀರಿ ಅಂತ ಮಾತ್ರ ಕೇಳಲಿಲ್ಲ. ದೊಡ್ಡ ಟಿವಿ ತಂದರೆ ಗೋಡೆಯ ಆಯ್ಕೆ ನಮ್ಮ ಕೈತಪ್ಪುತ್ತದೆ ಅನ್ನೋದನ್ನು ಅಷ್ಟೊಂದು ವಿಡಿಯೋಗಳಲ್ಲಿ ಒಬ್ಬರೂ ಹೇಳುವುದಿಲ್ಲ.

ಈಗ ಮಧ್ಯಾಹ್ನ ಊಟದ ತಾಟು ತೊಳೆದಿಟ್ಟ ಮೇಲೆ ನನಗೊಂದು ಕಾಯಂ ಕೆಲಸ. ಅತ್ತೆಯ ಹಳೇ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬಾಗಿಲ ಮೇಲಿನ ಮೊಳೆಗಳಿಗೆ ಸಿಕ್ಕಿಸುವುದು. ಸೆರಗಿನ ಕಡೆ ಕೆಳಗೆ ಬರಬೇಕು, ಆ ಭಾರಕ್ಕೆ ಗಾಳಿಗೆ ಹಾರುವುದಿಲ್ಲ. ಅಂಗಡಿಯಿಂದ ತಂದ ಪರದೆ ಬಟ್ಟೆ ಎರಡನ್ನು ಹಾಕಿ ನೋಡಿದ್ದಾಯಿತು, ಇದರಷ್ಟು ಬೆಳಕು ತಡೆಯಲಿಲ್ಲ. ಹಾಲ್ ತಂಪಾಗುತ್ತದೆ, ಬಾಗಿಲು ತೆರೆದೇ ಇರುತ್ತದೆ, ಬಂದವರು ಸೀರೆ ಸರಿಸಿ "ಅದೀರೇನ್ರಿ?" ಅನ್ನುತ್ತಾರೆ. ಸುಖ. ಆದರೆ ಸೂರ್ಯ ಇಳಿದು ಬಿಸಿಲು ಸೀದಾ ಒಳಗೆ ಬರುವ ಹೊತ್ತಿಗೇ ಅತ್ತೆ ದೇವರ ಮುಂದೆ ಬತ್ತಿ ಹೊಸೆಯಲು ಕೂರುತ್ತಾರೆ. "ದೀಪಾ ಹಚ್ಚೂ ಹೊತ್ತಿಗೆ ಬಾಗಲಕ್ಕ ಅಡ್ಡ ಏನೂ ಇರಬಾರದವ್ವಾ, ತಗೀ ಅದನ್ನ." ಲಕ್ಷ್ಮಿ ಬರುವ ಹೊತ್ತು, ಎದುರು ಮಾತಾಡುವಂತಿಲ್ಲ. ಸೀರೆ ಇಳಿಯುತ್ತದೆ, ಟಿವಿ ಮತ್ತೆ ಗೇಟು ತೋರಿಸುತ್ತದೆ. ಅತ್ತೆಗೆ ಇದರಿಂದ ಲಾಭವೇ ಆಗಿದೆ ಅನ್ನಿ. ಬೆನ್ನು ತಿರುಗಿಸಿ ಕೂತಲ್ಲಿಂದಲೇ ಯಾರು ಬಂದರು ಅಂತ ಹೇಳುತ್ತಾರೆ.

ಕೊನೆಗೆ ಕೆಲಸಕ್ಕೆ ಬಂದದ್ದು ಗೋಡೆಯ ಸ್ಟ್ಯಾಂಡ್ ಬದಲಿಸಿದ್ದು. ಪುಕ್ಕಟೆ ಕೊಡುವ ಸ್ಟ್ಯಾಂಡು ಟಿವಿಯನ್ನು ಗೋಡೆಗೆ ಅಂಟಿಸಿ ಬಿಡುತ್ತದೆ, ಅಲುಗಾಡುವುದಿಲ್ಲ. ಮುಂದಕ್ಕೆ ಬಾಗುವ ಟಿಲ್ಟ್ ಸ್ಟ್ಯಾಂಡ್ ಹಾಕಿಸಿ 10 ಡಿಗ್ರಿ ಬಗ್ಗಿಸಿದರೆ, ಎದುರಿಂದ ಬಂದ ಬೆಳಕು ಅದರ ಎರಡರಷ್ಟು, ಅಂದರೆ 20 ಡಿಗ್ರಿ ಕೆಳಕ್ಕೆ ತಿರುಗುತ್ತದೆ. ಸೋಫಾದ ಹತ್ತಿರ ಬರುವಷ್ಟರಲ್ಲಿ ಮೂರಡಿ ಇಳಿದಿರುತ್ತದೆ. ಸೋಫಾದ ಮೇಲೆ ಕೂತವರ ಕಣ್ಣು ಉಳಿಯಿತು. ಜಮಖಾನಿ ಮೇಲೆ ಕೂತ ಮಕ್ಕಳ ಕಣ್ಣಿಗೆ ಬೀಳುತ್ತದೆ, ಅವರು ಹೋಮ್‌ವರ್ಕ್ ಮಾಡಲಿ.

ಇನ್ನೊಂದು ಸಣ್ಣ ಕಿರಿಕಿರಿ ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ಲುಗಳದು. ಅವುಗಳ ಚಿತ್ರ ಹೆಚ್ಚೆಂದರೆ 720 × 576 ಚುಕ್ಕೆ, ಟಿವಿಯದು 3840 × 2160. ಬಂದ ಒಂದೊಂದು ಚುಕ್ಕೆಯಿಂದ ಟಿವಿ ಇಪ್ಪತ್ತು ಚುಕ್ಕೆ ಮಾಡಿಕೊಳ್ಳಬೇಕು. ಅತ್ತೆ ನೋಡುವ ಚಂದನದ ಹಳೇ ಕಾರ್ಯಕ್ರಮಗಳಲ್ಲಿ ಎಲ್ಲರ ಮುಖಕ್ಕೂ ಪೌಡರ್ ಮೆತ್ತಿದ್ದೇ ಕಾಣುತ್ತದೆ. ನೀವು ನೋಡುವುದೆಲ್ಲ ಎಸ್‌ಡಿ ಆದರೆ 55 ಸಾಕು, ಚಿತ್ರ ಅಷ್ಟು ಹಿಗ್ಗುವುದಿಲ್ಲ.

ಇಷ್ಟೆಲ್ಲ ಬೈದರೂ ಇದನ್ನು ಕೊಟ್ಟು 55 ತರೋಣ ಅಂದರೆ ನಾನೇ ಒಪ್ಪಲಿಕ್ಕಿಲ್ಲ. ಕಾರಣ ಮಾವನವರು. ಅವರ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು. ಮಳೆಗಾಲದಲ್ಲಿ ಸುದ್ದಿ ಚಾನೆಲ್ಲಿನ ಕೆಳಗೆ ಓಡುವ ಪಟ್ಟಿಯಲ್ಲಿ ಆಲಮಟ್ಟಿಯ ಮಟ್ಟ, ಒಳಹರಿವು, ಹೊರಹರಿವು ಬರುತ್ತದಲ್ಲ, ಅದನ್ನು ಓದದೆ ಅವರಿಗೆ ಚಹಾ ಸೇರುವುದಿಲ್ಲ. ಹಳೇ ಟಿವಿಯಲ್ಲಿ ಕನ್ನಡಕ ಹುಡುಕುವಷ್ಟರಲ್ಲಿ ಅಂಕಿ ಓಡಿ ಹೋಗಿರುತ್ತಿತ್ತು, ಮತ್ತೆ ಬರುವತನಕ ಎಲ್ಲರೂ ಸುಮ್ಮನಿರಬೇಕು. ಈಗ ಬರಿಗಣ್ಣಲ್ಲಿ, ಕುರ್ಚಿಯಿಂದ ಏಳದೆ ಓದುತ್ತಾರೆ. ತುಂಬಿದ ಮಟ್ಟ 519.60 ಮೀಟರ್ ಅನ್ನೋದು ಅವರಿಗೆ ಬಾಯಿಪಾಠ. "ಇನ್ನ ಒಂದ ಮೀಟರ್ ಐತಿ ನೋಡವಾ, ಗೇಟ ಎತ್ತತಾರ" ಅನ್ನುತ್ತಾರೆ, ತಾವೇ ಎತ್ತುವವರ ಹಾಗೆ. ಆ ದಿನಗಳಲ್ಲಿ ಮೋಡ ಕವಿದಿರುವುದರಿಂದ ಬಿಸಿಲಿನ ಕಾಟವೂ ಇಲ್ಲ, ಸೀರೆ ಗಂಟಿನಲ್ಲೇ ಇರುತ್ತದೆ.

ಜಮಖಂಡಿಯಲ್ಲಿರುವ ತಮ್ಮ ಈಗ ಟಿವಿ ತಗೊಳ್ಳಲು ಹೊರಟಿದ್ದಾನೆ. ಅವನ ಅದೃಷ್ಟ, 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ನಾವು 28 ಕಟ್ಟಿ ತಂದವರು. ಅವನ ಮನೆ ಬಾಗಿಲು ಉತ್ತರಕ್ಕಿದೆ, ಟಿವಿ ಗೋಡೆಯಲ್ಲಿ ಕಿಟಕಿ ಬಾಗಿಲು ಯಾವುದೂ ಇಲ್ಲ, ಹಾಗಾಗಿ 65 ತಗೋ ಅಂದಿದ್ದೇನೆ. ಟಿಲ್ಟ್ ಸ್ಟ್ಯಾಂಡ್ ಮೊದಲೇ ತರಿಸಿಟ್ಟುಕೋ, ಫಿಟ್ಟಿಂಗ್ ಹುಡುಗ ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ಹೇಳು ಅಂತಲೂ ಹೇಳಿದ್ದೇನೆ. ನಮ್ಮ ಗೋಡೆಯಲ್ಲಿ ಹಳೇ ಸ್ಟ್ಯಾಂಡಿನ ನಾಲ್ಕು ತೂತು ಇನ್ನೂ ಹಾಗೇ ಇವೆ. ಟಿವಿ ಹಿಂದೆ ಮುಚ್ಚಿಹೋಗಿವೆ ಅಂತ ಯಾರೂ ಸಿಮೆಂಟ್ ತರಲಿಲ್ಲ.