ವಾರಂಟಿಯಲ್ಲಿರುವ ಟ್ರಕ್‌ನ ಎಂಜಿನ್ ಸದ್ದು ಮಾಡುತ್ತಿದೆಯೇ? ಜಾಬ್ ಕಾರ್ಡ್ ಓದದೆ ಗಾಡಿ ಬಿಡಬೇಡಿ

ನಿಮ್ಮ ಟ್ರಕ್‌ನ ಎಂಜಿನ್ ವಾರಂಟಿ ಮುಗಿಯುವ ಮೊದಲೇ ಸದ್ದು ಮಾಡಲಾರಂಭಿಸಿದ್ದರೆ, ಮತ್ತು ಡೀಲರ್‌ನ ವರ್ಕ್‌ಶಾಪಿನವರು "ಚೆಕ್ ಮಾಡಿದ್ದೇವೆ ಸಾರ್, ಏನೂ ತೊಂದರೆಯಿಲ್ಲ" ಎಂದು ನಗುನಗುತ್ತಾ ಗಾಡಿ ಹಿಂದಿರುಗಿಸಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗಾಡಿ ಈಗ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಕಳಚಿದ ಸ್ಥಿತಿಯಲ್ಲಿ ಅದೇ ವರ್ಕ್‌ಶಾಪಿನಲ್ಲಿ ನಿಂತಿದೆ. ಸದ್ದು ಶುರುವಾದಾಗ ವಾರಂಟಿ ಇತ್ತು. ಸವೆದ ಬೇರಿಂಗ್ ಕೈಗೆ ಬಂದಾಗ ವಾರಂಟಿ ಇರಲಿಲ್ಲ. ಈ ಎರಡರ ನಡುವೆ ನಡೆದದ್ದು ಆಕಸ್ಮಿಕವಲ್ಲ ಎಂಬುದು ಕಾಗದಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದ ಮೇಲೆ ನನಗೆ ಖಾತ್ರಿಯಾಗಿದೆ.

ಸದ್ದನ್ನು ಮೊದಲು ಗುರುತಿಸಿದವರು ನಮ್ಮ ಚಾಲಕರು. ಲೋಡ್ ಹೊತ್ತು ದೂರ ಓಡಿ ಎಂಜಿನ್ ಪೂರ್ತಿ ಕಾದ ಮೇಲೆ ಗಾಡಿಯನ್ನು ಐಡ್ಲಿಂಗ್‌ನಲ್ಲಿ ನಿಲ್ಲಿಸಿದಾಗ ತಳಭಾಗದಿಂದ ದಪ್ಪನೆಯ ಟಕ್ ಟಕ್ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಬಿಟ್ಟರೆ ಅದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. "ಅಣ್ಣಾ, ಇದು ಟ್ಯಾಪೆಟ್ ಸದ್ದಲ್ಲ, ಕೆಳಗಿನದು, ತಡ ಮಾಡುವುದು ಬೇಡ" ಎಂದು ಅವರು ಅಂದೇ ಹೇಳಿದ್ದರು. ಎಂಜಿನ್ ಬಲ್ಲವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಸ್ಟಡ್ (ಬೋಲ್ಟ್) ಮುರಿದು ಗ್ಯಾಸ್ ಸೋರುತ್ತಿದ್ದರೆ ಸಾಮಾನ್ಯವಾಗಿ ತಣ್ಣಗಿರುವಾಗ ಸದ್ದು ಹೆಚ್ಚು, ಲೋಹ ಕಾದು ಹಿಗ್ಗಿದಂತೆ ಅದು ಅಡಗುತ್ತದೆ. ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸದ್ದೂ ಹಾಗೆಯೇ. ವಾಲ್ವ್ ತೆರೆಯುವ ಟ್ಯಾಪೆಟ್‌ನದು ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಎರಡು ಸುತ್ತಿಗೆ ಒಂದು ಬಡಿತ, ಅದೂ ಮೇಲಿನಿಂದ, ಹಗುರವಾಗಿ. ಕಾದ ಮೇಲೆ ತಳದಿಂದ ಬರುವ ದಪ್ಪ ಸದ್ದೆಂದರೆ ಮೊದಲು ಅನುಮಾನಿಸಬೇಕಾದದ್ದು ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಅನ್ನು. ಆಯಿಲ್ ಕಾದು ತೆಳುವಾದಾಗ, ಸವೆದ ಬೇರಿಂಗ್‌ನ ಸಂದು ತುಂಬುವಷ್ಟು ಪದರ ಉಳಿಯುವುದಿಲ್ಲ. ಲೋಹಕ್ಕೆ ಲೋಹ ಬಡಿಯುತ್ತದೆ.

ಇದನ್ನೆಲ್ಲ ನಾನು ಸರ್ವಿಸ್ ಅಡ್ವೈಸರ್‌ಗೆ ಬಿಡಿಬಿಡಿಯಾಗಿ ಹೇಳಿದ್ದೆ. ಕಾದ ಮೇಲೆ ಮಾತ್ರ ಸದ್ದು, ಲೋಡ್ ಹಾಕಿ ಓಡಿಸಿ ನೋಡಿ ಎಂದು ಒತ್ತಿ ಹೇಳಿದ್ದೆ. ಅವರು ಮಾಡಿದ್ದೇನು? ಗಾಡಿಯನ್ನು ರಾತ್ರಿಯಿಡೀ ಅಂಗಳದಲ್ಲಿ ನಿಲ್ಲಿಸಿಕೊಂಡು, ಬೆಳಿಗ್ಗೆ ತಣ್ಣನೆಯ ಎಂಜಿನ್ ಅನ್ನು, ಖಾಲಿ ಗಾಡಿಯಲ್ಲಿ, ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿ, "ಸದ್ದು ಕಂಡುಬಂದಿಲ್ಲ" ಎಂದು ಬರೆದುಕೊಟ್ಟರು. ಯಾವ ಹೊತ್ತಿನಲ್ಲಿ ಸದ್ದು ಬರುವುದಿಲ್ಲ ಎಂದು ನಾನೇ ಹೇಳಿದ್ದೆನೋ, ಸರಿಯಾಗಿ ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿದ್ದರು.

ಆಮೇಲೆ ಹೋದಾಗಲೆಲ್ಲ ಒಂದೊಂದು ಸಬೂಬು. "ಡೀಸೆಲ್ ಎಂಜಿನ್ ಸಾರ್, ಸದ್ದು ಇದ್ದೇ ಇರುತ್ತದೆ." "ಈ ಮಾಡೆಲ್‌ನ ಎಲ್ಲಾ ಗಾಡಿಗಳೂ ಹೀಗೆಯೇ." "ಸ್ಕ್ಯಾನರ್ ಹಾಕಿ ನೋಡಿದೆವು, ಒಂದು ಕೋಡೂ ಇಲ್ಲ." ಸ್ಕ್ಯಾನರ್ ತೋರಿಸುವುದು ಸೆನ್ಸರ್‌ಗಳು ಕೊಟ್ಟ ಮಾಹಿತಿಯನ್ನಷ್ಟೇ. ಆಯಿಲ್ ಪ್ರೆಶರ್ ನಿಗದಿತ ಮಿತಿಗಿಂತ ಕೆಳಗೆ ಇಳಿಯುವವರೆಗೆ ಬೇರಿಂಗ್ ಸವೆತದ ಬಗ್ಗೆ ಅದಕ್ಕೆ ಏನೂ ತಿಳಿಯದಿರಬಹುದು. ಇದು ವರ್ಕ್‌ಶಾಪಿನವರಿಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ಸದ್ದನ್ನು ಕೌಂಟರ್‌ನಲ್ಲಿ ಕೇಳಿಸಿದಾಗ, ಕಾಯುತ್ತಿದ್ದ ಬೇರೆ ಗ್ರಾಹಕರೆಲ್ಲರ ಎದುರಿಗೆ ಆ ಅಡ್ವೈಸರ್ "ಫೋನಿನ ಮೈಕ್ ಸದ್ದನ್ನು ದೊಡ್ಡದು ಮಾಡುತ್ತದೆ ಸಾರ್, ನೀವು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಂಡೂ ತಲೆಗೆ ಹಚ್ಚಿಕೊಂಡಿದ್ದೀರಿ" ಎಂದು ಹೇಳಿ ಪಕ್ಕದವರತ್ತ ನೋಡಿ ನಕ್ಕರು. ಆ ನಗುವನ್ನು ನಾನು ಮರೆತಿಲ್ಲ.

ಕೊನೆಗೊಮ್ಮೆ "ಈ ಸಲ ಸೀನಿಯರ್ ಟೆಕ್ನೀಷಿಯನ್ ಕೈಯಲ್ಲೇ ನೋಡಿಸುತ್ತೇವೆ" ಎಂದು ಗಾಡಿ ಇಟ್ಟುಕೊಂಡರು. ಮರಳಿ ಬಂದಾಗ ಸದ್ದು ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ಏನು ಮಾಡಿದಿರಿ ಎಂದು ಕೇಳಿದರೆ "ಸಣ್ಣ ಅಡ್ಜಸ್ಟ್‌ಮೆಂಟ್ ಸಾರ್, ಆಯಿಲ್ ಕೂಡ ಬದಲಿಸಿದ್ದೇವೆ" ಎಂಬ ಉತ್ತರ. ನಾನು ಆ ಮನುಷ್ಯನ ಕೈಕುಲುಕಿ ಧನ್ಯವಾದ ಹೇಳಿ ಬಂದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ವಾರಂಟಿ ಮುಗಿಯಿತು. ಮುಗಿದು ಹೆಚ್ಚು ಓಡಿರಲಿಲ್ಲ, ಅದೇ ಸದ್ದು ಮತ್ತೆ ಬಂತು, ಈ ಬಾರಿ ಇನ್ನೂ ಜೋರಾಗಿ, ಜೊತೆಗೆ ಆಯಿಲ್ ಪ್ರೆಶರ್ ದೀಪವೂ ಉರಿಯಿತು. ಟೋ ಮಾಡಿಸಿಕೊಂಡು ಅಲ್ಲಿಗೇ ಹೋದರೆ, ಎಂಜಿನ್ ಬಿಚ್ಚುವ ಮೊದಲು ಒಂದು ಒಪ್ಪಿಗೆ ಪತ್ರ ಮುಂದಿಟ್ಟರು: ಕಂಪನಿ ಕ್ಲೇಮ್ ಒಪ್ಪದಿದ್ದರೆ ಬಿಚ್ಚಿದ ಕೂಲಿಯೂ ಗ್ರಾಹಕರದ್ದೇ. ಬೇರೆ ದಾರಿ ಇರಲಿಲ್ಲ. ಸಂಪ್ ಕಳಚಿ ರಾಡ್ ಕ್ಯಾಪ್‌ಗಳನ್ನು ತೆಗೆಯುವಾಗ ನಾನು ಅಲ್ಲೇ ನಿಂತಿದ್ದೆ. ಒಂದು ರಾಡ್‌ನ ಮೇಲಿನ ಬೇರಿಂಗ್ ಶೆಲ್ (ಬೇರಿಂಗ್‌ನ ಅರ್ಧ ಬಳೆ), ಅಂದರೆ ಪಿಸ್ಟನ್‌ನ ಹೊಡೆತವನ್ನೆಲ್ಲ ಹೊರುವ ಬದಿಯದು, ನನ್ನ ಅಂಗೈಗೆ ಬಂತು. ಮಾಸಲು ಬೂದು ಬಣ್ಣದಲ್ಲಿ ಒಂದೇ ಸಮನಾಗಿ ಇರಬೇಕಾದ ಒಳಮೈಯ ನಡುವೆ ಹೆಬ್ಬೆರಳಿನಷ್ಟು ಅಗಲಕ್ಕೆ ತಾಮ್ರದ ಬಣ್ಣ ಹೊಳೆಯುತ್ತಿತ್ತು. ಮೇಲಿನ ತೆಳುವಾದ ಮೆದು ಲೋಹದ ಲೇಪ ಸವೆದು ಕೆಳಗಿನ ತಾಮ್ರದ ಮಿಶ್ರಲೋಹ ಬಯಲಾದಾಗ ಹೀಗಾಗುತ್ತದೆ. ಫಿಲ್ಟರ್ ಕತ್ತರಿಸಿ ಅದರ ಕಾಗದದ ಮಡಿಕೆ ಬಿಡಿಸಿದರೆ ಅಲ್ಲಿಯೂ ಅದೇ ಬಣ್ಣದ ಪುಡಿ.

ಇನ್ನು ಕ್ಲೇಮ್ ತಿರಸ್ಕರಿಸಿದ ಪತ್ರದ ವಿಷಯ. ಅದರಲ್ಲಿ ಎರಡು ಕಾರಣಗಳಿದ್ದವು. ವಾರಂಟಿ ಅವಧಿಯಲ್ಲಿ ಎಂಜಿನ್ ಸದ್ದಿನ ಬಗ್ಗೆ ಯಾವುದೇ ದೂರು ದಾಖಲಾಗಿಲ್ಲ ಎಂಬುದು ಮೊದಲನೆಯದು. ಎಂಜಿನ್‌ನಲ್ಲಿದ್ದ ಆಯಿಲ್ ಕಂಪನಿ ಸೂಚಿಸಿದ ಗ್ರೇಡ್‌ನದಲ್ಲ ಎಂಬುದು ಎರಡನೆಯದು. ನಾನು ಎರಡೆರಡು ಬಾರಿ ಓದಿದೆ. ಯಾವುದೇ ದೂರು ದಾಖಲಾಗಿಲ್ಲ! ಅಷ್ಟು ಸಲ ಹೋದದ್ದು, ಅಷ್ಟು ಸಲ ಹೇಳಿದ್ದು, ಅಷ್ಟು ಸಲ ನಗಿಸಿಕೊಂಡದ್ದು, ಯಾವುದೂ ದಾಖಲಾಗಿಲ್ಲ.

ಗಾಡಿ ಬಿಡುವಾಗ ಗ್ರಾಹಕರ ದೂರನ್ನೂ ಮಾಡಿದ ಕೆಲಸವನ್ನೂ ಬರೆದುಕೊಳ್ಳುವ ಜಾಬ್ ಕಾರ್ಡ್‌ಗಳ ಹಳೆಯ ಪ್ರತಿಗಳನ್ನು ಹಟ ಹಿಡಿದು ತೆಗೆಸಿದೆ. ಗಾಡಿ ಬಿಡುವಾಗ ಸಹಿ ತೆಗೆದುಕೊಳ್ಳುವುದು ಟ್ಯಾಬ್‌ನಲ್ಲಿ. ಆ ಪರದೆಯಲ್ಲಿ ಸಹಿಯ ಚೌಕವೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗ್ರಾಹಕರ ದೂರು ಎಂಬ ಕಾಲಂನಲ್ಲಿ ಅವರು ಬರೆದುಕೊಂಡದ್ದು "ಸಾಮಾನ್ಯ ತಪಾಸಣೆ". ಇನ್ನೊಂದರಲ್ಲಿ "ಗಾಡಿಯಲ್ಲಿ ಶಬ್ದ". ಎಂಜಿನ್ ಎಂಬ ಪದ ಎಲ್ಲಿಯೂ ಇಲ್ಲ. ಬಾಗಿಲು ಕಿರುಗುಟ್ಟಿದರೂ ಅದು ಗಾಡಿಯಲ್ಲಿ ಶಬ್ದವೇ! ಆ "ಸೀನಿಯರ್ ಟೆಕ್ನೀಷಿಯನ್" ನೋಡಿದ ದಿನದ ಕಾರ್ಡ್ ಬಂದಾಗ ನನಗೆ ನಿಜಕ್ಕೂ ಕಾಲ ಕೆಳಗಿನ ನೆಲ ಕುಸಿದಂತಾಯಿತು. ನನ್ನ ಗಾಡಿಯ ಕೈಪಿಡಿಯಲ್ಲಿರುವ ಗ್ರೇಡ್ 15ಡಬ್ಲ್ಯು-40. ಅವರು ಹಾಕಿದ್ದು 20ಡಬ್ಲ್ಯು-50. ಅದರ ಪಕ್ಕದಲ್ಲೇ ಒಂದು ಸಾಲು: "ಗ್ರಾಹಕರ ಕೋರಿಕೆಯ ಮೇರೆಗೆ."

ಕಡೆಯ ಆ ಅಂಕಿಯೇ ಕಾದ ಆಯಿಲ್‌ನ ದಪ್ಪವನ್ನು ಹೇಳುವುದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರ ಗ್ರೇಡ್‌ನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೆ (ಆಯಿಲ್‌ನ ದಪ್ಪ ಅಳೆಯುವ ಮಾನ) ಇರಬೇಕು, 50ರದ್ದು 16.3ರಿಂದ 21.9ರೊಳಗೆ. ದಪ್ಪ ಆಯಿಲ್ ಸವೆದ ಬೇರಿಂಗ್‌ನ ಸಂದಿನಲ್ಲಿ ಹೆಚ್ಚು ಹೊತ್ತು ನಿಂತು ಬಡಿತವನ್ನು ಮೆತ್ತಗೆ ಮಾಡುತ್ತದೆ, ಆದರೆ ಸವೆದದ್ದನ್ನು ಸರಿಮಾಡುವುದಿಲ್ಲ. ಜ್ವರದ ಮಾತ್ರೆ ನುಂಗಿಸಿ ಥರ್ಮಾಮೀಟರ್ ತೋರಿಸಿ ಮನೆಗೆ ಕಳಿಸಿದ ಹಾಗೆ ನನ್ನನ್ನು ಕಳಿಸಿದ್ದರು. ಸದ್ದು ಅಡಗಿಸಲು ಅವರೇ ಹಾಕಿದ ಆಯಿಲ್, ಕ್ಲೇಮ್ ತಳ್ಳಿಹಾಕಲು ಅವರಿಗೇ ಕಾರಣವೂ ಆಯಿತು. ಗ್ರೇಡ್ ಬದಲಿಸಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಒಂದು ಕ್ಷಣ ಯೋಚಿಸಿ: ಸದ್ದೇ ಇಲ್ಲ ಎನ್ನುವವರು ದಪ್ಪ ಆಯಿಲ್ ಹಾಕಿದ್ದಾದರೂ ಏಕೆ?

ಈ ಪ್ರಶ್ನೆಯನ್ನು ವರ್ಕ್ಸ್ ಮ್ಯಾನೇಜರ್ ಮುಂದೆ ಇಟ್ಟಾಗ ಬಂದ ಉತ್ತರ, "ಆ ಅಡ್ವೈಸರ್ ಈಗ ಕೆಲಸ ಬಿಟ್ಟಿದ್ದಾರೆ ಸಾರ್." ಅವರು ಬಿಟ್ಟರೇನು, ಕಾರ್ಡ್ ನಿಮ್ಮದಲ್ಲವೇ ಎಂದರೆ, "ಸಹಿ ನಿಮ್ಮದಿದೆಯಲ್ಲಾ." ಕಂಪನಿಯ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡಿದರೆ, ಡೀಲರ್ ಕಳಿಸಿದ ವರದಿಯ ಆಧಾರದ ಮೇಲೆಯೇ ತೀರ್ಮಾನ ಎಂದರು. ಡೀಲರ್‌ಗೆ ಕೇಳಿದರೆ ತೀರ್ಮಾನ ಕಂಪನಿಯದು, ನಮ್ಮ ಕೈಯಲ್ಲಿ ಏನೂ ಇಲ್ಲ. ಇವರ ಮೇಲೆ ಅವರು, ಅವರ ಮೇಲೆ ಇವರು ಗೂಬೆ ಕೂರಿಸುತ್ತಾ ಕೈತೊಳೆದುಕೊಂಡರು. ಗಾಡಿ ನಿಂತ ದಿನಗಳ ಬಾಡಿಗೆ ನಷ್ಟದ ಮಾತೆತ್ತಿದರೆ, ಅದು ವಾರಂಟಿಯ ಷರತ್ತಿನಲ್ಲೇ ಇಲ್ಲ ಎಂದು ಸಣ್ಣ ಅಕ್ಷರದ ಪುಟ ತೋರಿಸಿದರು. ಅದೊಂದು ಮಾತು ಮಾತ್ರ ನಿಜ, ಹೆಚ್ಚಿನ ವಾರಂಟಿಗಳಲ್ಲಿ ಅದು ಇರುವುದಿಲ್ಲ.

ವಾರಂಟಿ ಕೆಲಸಕ್ಕೆ ಡೀಲರ್‌ಗೆ ಹಣ ಬರುವುದು ಕಂಪನಿಯಿಂದ, ಅದೂ ಪ್ರತಿ ಕೆಲಸಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕದಲ್ಲಿ. ಲೋಡ್ ಹಾಕಿಸಿ ಓಡಿಸಿ, ಸ್ಟೆತೊಸ್ಕೋಪ್ ಹಿಡಿದು, ಒಂದೊಂದೇ ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ನಿಲ್ಲಿಸಿ ಸದ್ದು ಎಲ್ಲಿ ತಗ್ಗುತ್ತದೆಂದು ಹುಡುಕುವ ಶ್ರಮಕ್ಕೆ ಆ ಲೆಕ್ಕದಲ್ಲಿ ಸರಿಯಾದ ಕೂಲಿ ಸಿಗುವುದು ಅಪರೂಪ. ವಾರಂಟಿ ಮುಗಿದ ಮೇಲೆ ಅದೇ ಕೆಲಸಕ್ಕೆ ನಿಮ್ಮಿಂದ ಪೂರ್ತಿ ಹಣ. ಯಾವುದು ಅವರಿಗೆ ಲಾಭ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆದ್ದರಿಂದ, ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತನ್ನು ನಿಮ್ಮ ಪದಗಳಲ್ಲೇ ಬರೆಸಿ: "ಎಂಜಿನ್ ಕಾದ ಮೇಲೆ, ತಳಭಾಗದಿಂದ ಬಡಿತದ ಸದ್ದು." ಓಡಿದ ಕಿಲೋಮೀಟರ್, ತಾರೀಖು ಎರಡೂ ಇರಲಿ. ಅದರ ಪ್ರತಿ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ. ಟ್ಯಾಬ್‌ನಲ್ಲಿ ಸಹಿ ಕೇಳಿದರೆ ಮೇಲೆ ಸರಿಸಿ ಪೂರ್ತಿ ಓದಿ, ಅಡ್ವೈಸರ್ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಸದ್ದು ಬರುವ ಸ್ಥಿತಿಯಲ್ಲೇ ಗಾಡಿ ಒಯ್ದು ಟೆಕ್ನೀಷಿಯನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ವಾರಂಟಿ ಇರುವಾಗಲೇ ಆಯಿಲ್‌ನ ಮಾದರಿಯನ್ನು ಹೊರಗಿನ ಲ್ಯಾಬ್‌ಗೆ ಕೊಡಿ. ಸೀಸ, ತಾಮ್ರ, ತವರದ ಪ್ರಮಾಣ ಏರುತ್ತಿದ್ದರೆ ಬೇರಿಂಗ್ ಸವೆಯುತ್ತಿರುವ ಸಾಧ್ಯತೆ ಹೆಚ್ಚು, ಆ ವರದಿಯನ್ನು ನೋಡಿ ಯಾರೂ ಪಕ್ಕದವರತ್ತ ತಿರುಗಿ ನಗಲಾರರು. ಬಿಚ್ಚಿದ ಭಾಗಗಳ ಫೋಟೊ ನೀವೇ ತೆಗೆಯಿರಿ, ಏಕೆಂದರೆ ಕ್ಲೇಮ್ ಹೆಸರಿನಲ್ಲಿ ಕಂಪನಿಗೆ ಹೋದ ಭಾಗ ಮತ್ತೆ ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ.

ನಾನು ಶೆಲ್‌ಗಳ ಫೋಟೊ, ಜಾಬ್ ಕಾರ್ಡ್‌ಗಳು, ತಾರೀಖು ಸಮೇತ ಫೋನಿನಲ್ಲಿರುವ ಆ ಹಳೆಯ ರೆಕಾರ್ಡಿಂಗ್, ಎಲ್ಲವನ್ನೂ ಸೇರಿಸಿ ಕಂಪನಿಗೆ ಲಿಖಿತ ದೂರು ಕಳಿಸಿದ್ದೇನೆ. ದೂರು ತಲುಪಿದ ಮೇಲೆ ಡೀಲರ್ ಕಡೆಯಿಂದ ತಾವಾಗಿಯೇ ಫೋನ್ ಬಂದಿದೆ, ದನಿಯಲ್ಲಿ ಮೊದಲಿಲ್ಲದ ವಿನಯವೂ ಬಂದಿದೆ. ಬೇರಿಂಗ್‌ಗಳನ್ನು "ಸದ್ಭಾವನೆಯಿಂದ" ಉಚಿತವಾಗಿ ಕೊಡುತ್ತಾರಂತೆ. ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್ ಮತ್ತು ಕೂಲಿ ನನ್ನದಂತೆ. ಮುಂದೆ ಈ ಎಂಜಿನ್ ಬಗ್ಗೆ ಯಾವ ದೂರನ್ನೂ ಕೊಡುವುದಿಲ್ಲ ಎಂಬ ಕಾಗದಕ್ಕೆ ಮಾತ್ರ ನಾನು ಸಹಿ ಹಾಕಬೇಕಂತೆ. ಹಾಕಿಲ್ಲ, ಹಾಕುವುದೂ ಇಲ್ಲ.