ಮಂಡಿಪೇಟೆಲಿ ತಗೊಂಡ ಆರ್ಕ್ಟಿಕ್ ಗೋಡೆ ಮ್ಯಾಪು: ಚೆನ್ನಾಗೈತೆ, ಆದ್ರೆ ಹೆಸರುಗಳ ಕತೆ ಬೇರೆ

ಮಗಳಿಗೆ ಭೂಗೋಳದ ಹುಚ್ಚು, ಅದಕ್ಕೇ ದಾವಣಗೆರೆ ಮಂಡಿಪೇಟೆ ಕಡೆ ಒಂದು ಸ್ಟೇಷನರಿ ಅಂಗಡಿಲಿ ಇದನ್ನ ತಗೊಂಡೆ, ಲ್ಯಾಮಿನೇಷನ್ ಸೇರಿ 350 ರೂಪಾಯಿ. ಉತ್ತರ ಧ್ರುವ ನಟ್ಟನಡುವೆ ಇಟ್ಟು ಸುತ್ತ ದೇಶಗಳನ್ನ ಬರೆದಿರೋ ಮ್ಯಾಪು ಇದು. ಮಾಮೂಲಿ ಸ್ಕೂಲ್ ಮ್ಯಾಪಲ್ಲಿ ಗ್ರೀನ್‌ಲ್ಯಾಂಡು ಆಫ್ರಿಕಾಗೆ ಸರಿಸಮ ಕಾಣ್ತದಲ್ಲ, ಆಫ್ರಿಕಾ ಅದರ 14 ಪಟ್ಟು ಐತೆ ನೋಡ್ರಿ, ಆ ಮೋಸ ಇದ್ರಲ್ಲಿಲ್ಲ.

ಮೂಲೆಲಿ ಪೀಟರ್‌ಮನ್ ಹಿಮನದಿದು ಬೇರೆ ಚಿಕ್ಕ ಮ್ಯಾಪ್ ಕೊಟ್ಟಿದಾರೆ, ದುಡ್ಡು ವಸೂಲಾಗಿದ್ದು ಅಲ್ಲೇ. ಗ್ರೀನ್‌ಲ್ಯಾಂಡಿನ ವಾಯವ್ಯದಲ್ಲಿ, 81 ಡಿಗ್ರಿ ಉತ್ತರದ ಹತ್ರ, ಗ್ರೀನ್‌ಲ್ಯಾಂಡಿಗೂ ಕೆನಡಾಗೂ ನಡುವಿನ ನೇರ್ಸ್ ಜಲಸಂಧಿ ಕಡೆ ಹರಿಯೋ ಹಿಮನದಿ, ಮುಂದಿನ ಭಾಗ ಸಮುದ್ರದ ಮೇಲೆ ನಾಲಿಗೆ ಚಾಚಿದಂಗೆ ತೇಲ್ತಿರುತ್ತೆ. 2010ರ ಆಗಸ್ಟಲ್ಲಿ ಅದರಿಂದ ಸುಮಾರು 260 ಚದರ ಕಿ.ಮೀ. ತುಂಡು ಕಿತ್ಕೊಂಡು ಹೋಯ್ತು, ಅಂದ್ರೆ ನಮ್ ಸೂಳೆಕೆರೆ ಹತ್ತು ಸೇರಿಸಿದಷ್ಟು, 2012ರಲ್ಲಿ ಇನ್ನೊಂದು ದೊಡ್ಡ ತುಂಡು ಹೋಯ್ತು. ಇವ್ರ ಮ್ಯಾಪಲ್ಲಿ ಮಾತ್ರ ನಾಲಿಗೆ ಇನ್ನೂ ಹಳೇ ಉದ್ದಾನೇ ಐತೆ! ಪರಿಷ್ಕೃತ ಮುದ್ರಣ ಅಂತ ದಪ್ಪಕ್ಷರದಲ್ಲಿ ಹಾಕಿದ್ಮೇಲೆ ಇದನ್ನಾದ್ರೂ ತಿದ್ದಬೇಕಿತ್ತು.

ಇನ್ನು ಹೆಸರುಗಳು. ಪೀಟರ್‌ಮನ್ ಅಂದ್ರೆ ಜರ್ಮನಿಲಿ ಕೂತು ಮ್ಯಾಪ್ ಮಾಡ್ತಿದ್ದ ಅಗಸ್ಟ್ ಪೀಟರ್‌ಮನ್, ಹಿಮದಾಚೆ ಧ್ರುವದ ಹತ್ರ ತೆರೆದ ಸಮುದ್ರ ಐತೆ ಅಂತ ವಾದ ಮಾಡ್ತಿದ್ದೋನು. ಅದರ ದಕ್ಷಿಣಕ್ಕೆ ಹಂಬೋಲ್ಟ್ ಹಿಮನದಿ, ಮುಂಭಾಗ ನೂರು ಕಿ.ಮೀ.ಗೂ ಜಾಸ್ತಿ ಅಗಲ, ಜರ್ಮನಿಯ ವಿಜ್ಞಾನಿ ಅಲೆಗ್ಸಾಂಡರ್ ಹಂಬೋಲ್ಟ್ ಗ್ರೀನ್‌ಲ್ಯಾಂಡಿಗೆ ಕಾಲೇ ಇಟ್ಟಿಲ್ಲ, ಆದ್ರೂ ಅವ್ರದ್ದೇ ಹೆಸ್ರು. ಅಲ್ಲಿನ ಜನ ಕರಿಯೋ ಸೆರ್ಮೆರ್ಸುವಾಕ್ ಅನ್ನೋದು ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ, ಅದೂ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಡೆದ್ರೆ ಕಾಣಲ್ಲ. ಪಶ್ಚಿಮ ಕರಾವಳಿಲಿ ಊರಿಗೆ ಇಲುಲಿಸಾಟ್ ಅಂತ ಈಗಿನ ಹೆಸ್ರೇ ಹಾಕಿದಾರೆ, ಪಕ್ಕದ ಹಿಮನದಿಗೆ ಮಾತ್ರ ಅದೇ ಊರಿನ ಹಳೇ ಡೇನಿಶ್ ಹೆಸ್ರು ಯಾಕೋಬ್ಸ್‌ಹಾವ್ನ್, ಅಲ್ಲಿನ ಜನ ಆ ಹಿಮನದಿಗೆ ಕರಿಯೋ ಸೆರ್ಮೆಕ್ ಕುಯಾಲ್ಲೆಕ್ ಅನ್ನೋದು ಎಲ್ಲೂ ಇಲ್ಲ. ಒಂದೇ ಮ್ಯಾಪಲ್ಲಿ ಎರಡು ನ್ಯಾಯ ಯಾಕ್ರೀ? ಎರಡೂ ಹೆಸ್ರು ಒಂದೇ ಸೈಜಲ್ಲಿ ಹಾಕಿದ್ರೆ ಜಾಗಕ್ಕೇನು ಬರ ಇರ್ಲಿಲ್ಲ, ಸಮುದ್ರ ಪೂರ್ತಿ ಖಾಲಿ ಬಿಟ್ಟಿದಾರೆ.

ಇನ್ನೊಂದು, ಅಚ್ಚಾಗಿರೋದು ನಮ್ ದೇಶದಲ್ಲೇ, ಆದ್ರೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನಿ-ಓಲೆಸುಂಡ್‌ನಲ್ಲಿ 2008ರಿಂದ ಇರೋ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ ಒಂದು ಚುಕ್ಕೆನೂ ಇಟ್ಟಿಲ್ಲ, ಮಗಳೇ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ಲು.

ಐದಕ್ಕೆ ಮೂರೂವರೆ ಸ್ಟಾರ್. ತಗೊಳ್ಳೋರು ಲ್ಯಾಮಿನೇಷನ್ ಇಲ್ಲದ್ದೇ ಕೇಳಿ, ಒಳಗೆ ಇಟ್ಟಿರ್ತಾರೆ, ಮಡಚಿ ಕೊಡೋಕ್ ಬಂದ್ರೆ ಬ್ಯಾಡ ಅನ್ನಿ, ಮಡಿಕೆ ಸರಿಯಾಗಿ ಗ್ರೀನ್‌ಲ್ಯಾಂಡ್ ಮೇಲೇ ಬರ್ತದೆ.